ಬಾಳೆಗೊನೆ ಹಣ್ಣಾಗಿಸುವ ಗುಂಡಿ

ಕಬುಗೊಂಡೊ ಗುಡ್ಡ, ರುವಾಂಡಾ
೧೫ ಮಾರ್ಚ್ ೨೦೦೭, ಗುರುವಾರ

ನನ್ನ ಮುದ್ದು ಡಾಫ್ರೋಸಾ,

ಹೇಗಿದ್ದೀಯೆ ಮಗಳೇ? ಬೆಲ್ಜಿಯಂನ ಆ ಹಾಳು ಚಳಿಯಲ್ಲಿ ಕೆಮ್ಮು ಕಡಿಮೆಯಾಯಿತೇ? ಹೋದ ವಾರ ಫೋನಿನಲ್ಲಿ ನೀನು ಬಾಯಿಗೆ ಕೈ ಒತ್ತಿಕೊಂಡು ಕೆಮ್ಮು ನುಂಗಿದ್ದು ನನಗೆ ತಿಳಿಯಲಿಲ್ಲ ಅಂದುಕೊಂಡೆಯಾ? ಕಿವಿ ಮಂದವಾಗಿದೆ, ನಿಜ, ಆದರೆ ಪೂರ್ತಿ ಕಿವುಡಿಯಾಗಿಲ್ಲ. ನಾನು ಚೆನ್ನಾಗಿದ್ದೇನೆ. ಕೆಂದ ಹಸು ಹೆಣ್ಣುಗರು ಹಾಕಿದೆ.

ನಿನ್ನೆ ತೊಂಬತ್ತನಾಲ್ಕರ ಕೊಲೆಗಳ ವಿಚಾರಣೆಗೆಂದು ನಮ್ಮ ಗುಡ್ಡದ ನ್ಯಾಯಸಭೆಗೆ ಸೆಬುಹೊರೊನನ್ನು ಜೈಲಿನಿಂದ ಕರೆತಂದಿದ್ದರು. ಅವನ ಮದುವೆಗೆ ನಿನ್ನಪ್ಪ ಕರು ಕೊಟ್ಟಿದ್ದು ನೆನಪಿದೆಯಲ್ಲ? ಹಸು ಪಡೆದವನು ಕೊಟ್ಟವರ ಮನೆಗೆ ಸಾಯುವವರೆಗೂ ನೆಂಟ, ಅವನಿಂದ ಕೇಡಾಗದು ಎಂದೇ ನಾವೆಲ್ಲ ನಂಬಿದ್ದೆವು. ನಾವು ಹುಲ್ಲಿನ ಮೇಲೆ ಕೂತಿದ್ದೆವು, ಅವನು ಕೈದಿಗಳ ಗುಲಾಬಿ ಅಂಗಿಯಲ್ಲಿ ನಿಂತು ನೆಲ ನೋಡುತ್ತಿದ್ದ. ನ್ಯಾಯ ಕೇಳಲು ಕೂತಿದ್ದ ಅಸ್ತೇರಿಯಾ ಬಿಡಲಿಲ್ಲ. "ತಲೆ ಎತ್ತಿ ಹೇಳಪ್ಪಾ, ಅವತ್ತು ಕತ್ತಿ ಎತ್ತೋಕೆ ನಾಚಿಕೆ ಆಗ್ಲಿಲ್ವಲ್ಲ" ಅಂದಳು. ಅವನು ಹೇಳಿದ: "ಐದು ಜನ ಹೋದ್ವಿ. ಇವರ ಯಜಮಾನ್ರು ಅಡಗಿದ್ದ ಬಾಳೆಗುಂಡಿ ಮೇಲಿನ ಎಲೆ ಸರಿಸಿದೋನು ನಾನೇ. ಮೊದಲ ಏಟೂ ನಂದೇ." ಹೊಲದ ಕೆಲಸದ ಲೆಕ್ಕ ಒಪ್ಪಿಸುವವನ ಹಾಗಿತ್ತು ದನಿ. ಹೆಣ ಎಸೆದ ಜಾಗವನ್ನೂ ತೋರಿಸಿದ, ತೊರೆಯ ಪಕ್ಕದ ಹಳೇ ಕಕ್ಕಸುಗುಂಡಿ. ಇವತ್ತು ಬೆಳಿಗ್ಗೆ ಅಗೆದೆವು. ನೀನು ಎಳೆದಾಡುತ್ತಿದ್ದ ನಿನ್ನಪ್ಪನ ಬೆಲ್ಟಿನ ಹಿತ್ತಾಳೆ ಬಕಲ್ ಸಿಕ್ಕಿತು. ತೊಳೆದು ಇಟ್ಟಿದ್ದೇನೆ.

ನಿನಗೋಸ್ಕರ ಒಂದು ಪ್ರಶ್ನೆ ಕೇಳಿದೆ. ವಿಮಾನ ಹತ್ತುವಾಗ ನೀನು "ಜೋಳದ ಹೊಲದಲ್ಲಿ ನಾನು ಕೆಮ್ಮದೇ ಇದ್ದಿದ್ರೆ ಅಪ್ಪ ಬದುಕಿರ್ತಿದ್ರು ಅಮ್ಮಾ, ಇನ್ಯಾವ ಮುಖ ಇಟ್ಕೊಂಡು ಇಲ್ಲಿಗೆ ಬರ್ಲಿ" ಅಂದಿದ್ದೆ. ಬಂದೂ ಇಲ್ಲ. ಅವತ್ತು ನೀನು ಎಂಟು ವರ್ಷದ ಕೂಸು, ಗುಂಡಿಯ ಪಕ್ಕದ ಜೋಳದ ಹೊಲದಲ್ಲಿ ನನ್ನ ಮಗ್ಗುಲಲ್ಲೇ ಅಡಗಿ ಮಲಗಿದ್ದೆ. ನಿನ್ನೆ ಸಭೆಯಲ್ಲಿ ಎದ್ದು ನಿಂತು, ಮಗು ಕೆಮ್ಮಿದ್ದು ಕೇಳಿಸಿತ್ತಾ ಎಂದು ಕೇಳಿದೆ. ಅವನಿಗೇ ಆಶ್ಚರ್ಯ. "ಯಾವ ಕೆಮ್ಮು? ಸೀಟಿ ಊದ್ಕೊಂಡು ಬರ್ತಿದ್ವಿ, ಏನೂ ಕೇಳಿಸ್ಲಿಲ್ಲ. ಅವ್ರು ಗುಂಡೀಲಿರೋದು ಹಿಂದಿನ ದಿನವೇ ನಂಗೆ ಗೊತ್ತಿತ್ತು" ಅಂದ. ಯಾರು ಹೇಳಿದರು ಎಂದು ಅಸ್ತೇರಿಯಾ ಕೇಳಿದಳು. ಅದನ್ನೂ ಹೇಳಿದ.

ಏಪ್ರಿಲ್‌ನಲ್ಲಿ ನಿನ್ನಪ್ಪನನ್ನು ಮರ್ಯಾದೆಯಿಂದ ಮಣ್ಣು ಮಾಡುತ್ತೇವೆ. ರಜೆ ಕೇಳಿ ನೋಡು. ಅಸ್ತೇರಿಯಾ ನಿನ್ನನ್ನು ನೆನೆದಳೆಂದು ತಿಳಿಸಲು ಹೇಳಿದ್ದಾಳೆ. ನಿನ್ನ ಮನೆಯಲ್ಲಿ ಹಾಲು ಬತ್ತದಿರಲಿ.

ನಿನ್ನ ಅಮ್ಮ,
ಕಂಕಿಂದಿ

ತಾ.ಕ.: ಮರೆತಿದ್ದಲ್ಲ ಮಗಳೇ, ಮೇಲೆ ಬರೆಯಲು ಕೈ ಬರಲಿಲ್ಲ. ಅವನಿಗೆ ಹೇಳಿದವಳು ನಾನೇ. ಹಿಂದಿನ ಸಂಜೆ ಮನೆಗೆ ಬಂದಿದ್ದ. ನಿನ್ನಪ್ಪ ಎರಡು ದಿನದಿಂದ ಉಪವಾಸ. ನಮ್ಮ ಕರು ಪಡೆದವನಲ್ಲವೇ ಎಂದು ಹಾಲಿನ ಪಾತ್ರೆ ಅವನ ಕೈಗಿತ್ತು, ಗುಂಡಿ ತೋರಿಸಿ ಕಳಿಸಿದೆ. ಹದಿಮೂರು ವರ್ಷದಿಂದ ಗೊತ್ತು ನನಗೆ. ನೀನು ನಿನ್ನ ಕೆಮ್ಮನ್ನು ದೂರುವಾಗ ಬಾಯಿ ಬಿಡಲಿಲ್ಲ. ನಿನ್ನೆ ಸಭೆಯಲ್ಲಿ ಎಲ್ಲರೆದುರು ಹೌದೆಂದೆ. ಕ್ಷಮಿಸದಿದ್ದರೂ ಪರವಾಗಿಲ್ಲ, ಬಾ. ಬಂದು ನನ್ನ ಎದುರಿಗೆ ಕೂತು, ಬಾಯಿಗೆ ಕೈ ಅಡ್ಡ ಹಿಡಿಯದೆ ಕೆಮ್ಮು.