ಕೆಂಪೋ, ಹಸಿರೋ?

ಬೆನೀಟಾ ಅಕ್ಕಾ,

ಲಾಸ್ ಕ್ರೂಸಸ್ ಮುಟ್ಟಿದೆ. ಲಾರಿ ಲೈಸೆನ್ಸಿಗೆ ಕಣ್ಣು ತೋರಿಸೋಕೆ ಹೋದರೆ, ಬಾಸ್ಟನ್ನಿಂದ ಹೊಸದಾಗಿ ಬಂದ ಡಾಕ್ಟರ್ ದೀಪ ಹಾಕಿ "ಕೆಂಪೋ, ಹಸಿರೋ?" ಅಂದ. ಬೆಳಗಿಂದ ಹೊಟ್ಟೆಗೆ ಏನೂ ಇರಲಿಲ್ಲ, ಬಾಯಿ ತಾನಾಗಿ "ಕ್ರಿಸ್ಮಸ್" ಅಂದುಬಿಡ್ತು! ಆ ಪೆದ್ದ, ನನಗೆ ಬಣ್ಣವೇ ಕಾಣೋದಿಲ್ಲ ಅಂತ ಫೇಲ್ ಮಾಡಿದ. ಲೈಸೆನ್ಸ್ ಇಲ್ಲದಿದ್ದರೆ ಅಪ್ಪ ಲಾರಿ ಮಾರ್ತಾನೆ. ಬೈಕೊಂಡು ಹೊರಗೆ ಬಂದೆ.

ಎದುರಿನ ಹೋಟೆಲಲ್ಲಿ ಎನ್ಚಿಲಾಡಾ ರೊಟ್ಟಿ ಹೇಳಿದರೆ, ಬಡಿಸುವ ಹೆಂಗಸೂ ಅದನ್ನೇ ಕೇಳಬೇಕೇ? "ಮೆಣಸಿನಕಾಯಿ ಗೊಜ್ಜು ಯಾವುದು ಮಗಾ, ಕೆಂಪೋ, ಹಸಿರೋ?"

ಮೇಜು ಗುದ್ದಿ "ಕ್ರಿಸ್ಮಸ್!" ಅಂತ ಕಿರುಚಿದೆ.

"ಎರಡೂ ಹಾಕ್ತೀನಿ, ನಾನೇನು ಕಿವುಡಿಯಾ? ಮೆತ್ತಗೆ ಹೇಳೋ" ಅಂದಳು.

ಹಿಂದಿನ ಮೇಜಲ್ಲಿ ಯಾರೋ ನಕ್ಕರು. ತಿರುಗಿದರೆ ಅದೇ ಡಾಕ್ಟರ್!

"ಎರಡೂ ಬೇಕು ಅನ್ನೋಕೆ ಇಲ್ಲಿ ಕ್ರಿಸ್ಮಸ್ ಅಂತೀರೇನಯ್ಯಾ?" ಅಂದ.

"ಊರಿಗೆಲ್ಲ ಗೊತ್ತು, ನಿಮಗೊಬ್ಬರಿಗೆ ಗೊತ್ತಿಲ್ಲ" ಅಂದೆ.

"ಹಾಗಾದ್ರೆ ನಾಳೆ ಮತ್ತೆ ಬಾ. ತಿಂದ್ಕೊಂಡು ಬಾ" ಅಂದ.

ನಾನು ಹುಷಾರಾಗಿದ್ದೀನಿ, ಕೈಯಲ್ಲಿ ದುಡ್ಡಿದೆ. ಅಪ್ಪ ಕರೆಸಿರೋ ಗಿರಾಕಿ ಬಂದರೆ ಅಂಗಳದಿಂದಲೇ ಓಡಿಸು. ಲಾರಿ ಹತ್ತಿರ ಸುಳಿಯೋಕೂ ಬಿಡಬೇಡ.

ಎಲಿಸೆಯೊ