ಎಳನೀರಿನಲ್ಲಿ ಏನಿತ್ತು, ಭಾವ?

ಪ್ರೀತಿಯ ಭಾವ,

ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ: ಆ ಗುರುವಾರ ಸಂಜೆ, ಈ ಅರಬ್ ನಾಡಿನ ಅಲ್ ಅಮೇರಾತಿನಲ್ಲಿರುವ ನಿಮ್ಮ ಮನೆಗೆ, ಅಕ್ಕನ ಕಣ್ಣು ತಪ್ಪಿಸಿ, ಲ್ಯಾಪ್‌ಟಾಪ್ ಚೀಲದಲ್ಲಿ ಒಂದು ಎಳನೀರನ್ನು ಕಳ್ಳಸಾಗಣೆ ಮಾಡಿದ ಆರೋಪಿ ನಾನೇ. ನೋಡಿ, ನಗಿಸುತ್ತಲೇ ಶುರು ಮಾಡಿದೆ.

ಅವತ್ತು ಕೆಲಸದೂರು ಸೊಹಾರಿನಿಂದ ಕಂಪನಿ ವ್ಯಾನಿನಲ್ಲಿ ಬರುವಾಗ ದಾರಿಯ ಬರ್ಕಾದಲ್ಲಿ ಇಳಿದಿದ್ದೆ. ಉಳ್ಳಾಲದ ಹಮೀದರ ಹಣ್ಣಿನಂಗಡಿ. "ಭಾವನಿಗೆ ಕಿಡ್ನಿ ಹೋಗಿದೆ, ಡಯಾಲಿಸಿಸ್ ನಡೀತಿದೆ. ದಿನಕ್ಕೆ ಅರ್ಧ ಲೀಟರ್ ನೀರು, ಅಷ್ಟೇ" ಅಂದೆ. ಹಮೀದರು ಹಣೆ ಚಚ್ಚಿಕೊಂಡರು. "ಎಂತ ಮಾರಾಯ್ರೇ, ಹಾಗಾದ್ರೆ ಎಳನೀರೇ ಕೊಡ್ಬೇಕಲ್ವಾ? ಇಲ್ಲಿಯದ್ದೇ, ಸಲಾಲದ ತೋಟದ್ದು, ಇವತ್ತೇ ಬಂದದ್ದು. ಮೂತ್ರಕ್ಕೆ ಇದಕ್ಕಿಂತ ಒಳ್ಳೇದು ಬೇರೆ ಉಂಟಾ?" ಮೈಸೂರಿನ ನಮ್ಮ ಅಜ್ಜಿಯೂ ಅದನ್ನೇ ಹೇಳುತ್ತಿದ್ದಳು. ಕರಾವಳಿ, ಮೈಸೂರು ಎರಡೂ ಒಂದು ಮಾತಿಗೆ ಬಂದ ಮೇಲೆ ನನ್ನಂಥವನು ಅನುಮಾನಿಸುವುದುಂಟೇ?

ಒಮ್ಮೆ ರಜೆ ಹಾಕಿ ನಿಮ್ಮ ಜೊತೆ ಡಯಾಲಿಸಿಸ್‌ಗೆ ಬಂದಿದ್ದೆನಲ್ಲ, ಆ ದಿನವೂ ನೆನಪಾಗುತ್ತದೆ. ಸ್ಕೂಲಿನ ಜೀವಶಾಸ್ತ್ರದ ಮೇಷ್ಟ್ರು ನೀವು. ಯಂತ್ರಕ್ಕೆ ಕಟ್ಟಿ ಮಲಗಿಸಿದರೂ ಪಾಠ ಬಿಡಲಿಲ್ಲ. "ಲೋ, ಒಂದೊಂದು ಕಿಡ್ನೀಲೂ ಸುಮಾರು ಹತ್ತು ಲಕ್ಷ ನೆಫ್ರಾನು. ರಕ್ತ ಒತ್ತಡದಲ್ಲಿ ಬಂದು ಜರಡಿ ಹಾಯುತ್ತೆ. ರಕ್ತಕಣ, ಪ್ರೋಟೀನು ಒಳಗೇ ಉಳಿಯುತ್ವೆ. ನೀರು, ಉಪ್ಪು, ಸಕ್ಕರೆ, ಕಸ ಎಲ್ಲಾ ಹೊರಗೆ. ಆಮೇಲೆ ಉದ್ದದ ನಳಿಕೇಲಿ ಹೋಗ್ತಾ ಹೋಗ್ತಾ ಬೇಕಾದ್ದನ್ನ ವಾಪಸ್ ಎಳ್ಕೊಳ್ಳೋದು. ನೂರು ಲೋಟ ಸೋಸಿದ್ರೆ ತೊಂಬತ್ತೊಂಬತ್ತು ಲೋಟ ನೀರು ಮತ್ತೆ ರಕ್ತಕ್ಕೇ." "ನಿಮ್ಮಕ್ಕ ಬೀರು ಸ್ವಚ್ಛ ಮಾಡೋ ಹಾಗೆ, ಮೊದಲು ಎಲ್ಲಾ ಮಂಚಕ್ಕೆ ಸುರಿದು ಆಮೇಲೆ ಬೇಕಾದ್ದು ಮಾತ್ರ ಒಳಗೆ" ಎಂದೂ ಸೇರಿಸಿದಿರಿ. "ಆದ್ರೆ ಪೊಟ್ಯಾಸಿಯಂ ಹೆಚ್ಚಾದ್ರೆ ಕೊನೇ ತಿರುವಲ್ಲಿ..." ಎನ್ನುವಷ್ಟರಲ್ಲಿ ನಾನು ಬಾಯಿ ಹಾಕಿದೆ: "ಹಾಗಾದ್ರೆ ಅಕ್ಕ ನಿಮ್ಮನ್ನ ಯಾಕೆ ಒಳಗಿಟ್ಕೊಂಡ್ಲು ಭಾವ?" ನರ್ಸ್ ಕೂಡ ನಕ್ಕಳು. ಪಾಠ ಅಲ್ಲಿಗೇ ನಿಂತಿತು.

ಆ ಗುರುವಾರ ನೀವು ಎಳನೀರನ್ನು ಎರಡು ಕೈಯಲ್ಲೂ ಹಿಡಿದು ಸುಮ್ಮನೆ ನೋಡಿದಿರಿ. ತುಟಿ ಒಡೆದು ಬಿಳಿಚಿತ್ತು. "ಇದ್ರಲ್ಲಿ ಏನಿದೆ ಗೊತ್ತೇನೋ?" ಅಂದಿರಿ. "ಸಲಾಲ ಇದೆ, ಸಮುದ್ರ ಇದೆ, ನನ್ನ ಪ್ರೀತಿ ಇದೆ. ಬೇಗ ಕುಡೀರಿ, ಅಕ್ಕ ಬರ್ತಾಳೆ" ಅಂದೆ. ನಕ್ಕಿರಿ. ಕಣ್ಣು ಮುಚ್ಚಿ ಪೂರ್ತಿ ಕುಡಿದಿರಿ. ಮುಂದಿನ ಡಯಾಲಿಸಿಸ್ ಶನಿವಾರ. ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕೂತ ನಿಮ್ಮ ಎದೆಬಡಿತವೇ ನಿಂತುಹೋಯಿತು.

ಡಾಕ್ಟರನ್ನು ಕೇಳಿದೆ. ಹೆಚ್ಚಾದ ಪೊಟ್ಯಾಸಿಯಮ್ಮನ್ನು ಹೊರಗೆ ತಳ್ಳುವುದು ನೆಫ್ರಾನಿನ ಕೊನೆಯ ಭಾಗದ ಕೆಲಸವಂತೆ. ಅದು ಸತ್ತರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತವನ್ನೇ ಕೆಡಿಸುತ್ತದಂತೆ. ಎಳನೀರಿನಲ್ಲಿ ತುಂಬಿರುವುದೇ ಅದಂತೆ. "ಅದರಿಂದಲೇ ಹೋದರೋ?" ಅಂದೆ. "ಇರಬಹುದು, ಇಲ್ಲದೆಯೂ ಇರಬಹುದು. ಅವರ ಹೃದಯ ಮೊದಲೇ ಸೋತಿತ್ತು" ಅಂದರು. ಈ 'ಇರಬಹುದು' ಇಟ್ಟುಕೊಂಡು ನಾನು ಹೇಗೆ ಬದುಕಲಿ? ಮೂತ್ರಪಿಂಡದ ಪಾಠ ಅರ್ಧ ಕೇಳಿದವನು ನಿಮ್ಮ ಪಿಂಡಪ್ರದಾನಕ್ಕೆ ಪೂರ್ತಿ ನಿಂತಿದ್ದೆ. ಭಾವ, ನಿಮಗೆ ಗೊತ್ತಿತ್ತಲ್ಲವೇ? ಅಷ್ಟೆಲ್ಲ ಕಲಿಸಿದವರಿಗೆ ಗೊತ್ತಿರದೆ... ಗೊತ್ತಿದ್ದೂ ಕುಡಿದಿರಾ? ಬಾಯಾರಿಕೆಗೋ? ನಾನು ಬೇಜಾರಾಗುತ್ತೇನೆಂದೋ? ಅಥವಾ ಸಾಕೆನಿಸಿ... ಒಂದು ಸಲ, ಕನಸಲ್ಲಾದರೂ ಬಂದು ಹೇಳಬಾರದೇ? ಈ ಸಲ ನಡುವೆ ಬಾಯಿ ಹಾಕುವುದಿಲ್ಲ, ದಮ್ಮಯ್ಯ.

ನೀವು ಕೇಳದ ಸುದ್ದಿ ಒಂದಿದೆ. ನಿನ್ನೆ ಅಕ್ಕನೆದುರು ಕೂತು, ಒಂದೂ ಜೋಕಿಲ್ಲದೆ, ಎಳನೀರಿನ ವಿಷಯ ಬಾಯಿಬಿಟ್ಟೆ. ನಿಮ್ಮ ಪುಕ್ಕಲು ಭಾವಮೈದುನನಿಗೂ ಕೊನೆಗೆ ಧೈರ್ಯ ಬಂತು ನೋಡಿ!

ಬಾಯಿಬಿಟ್ಟದ್ದು ನಿಜ. ಆದರೆ ಬಾಯಿಂದ ಬಂದದ್ದು... "ಭಾವ ಎಳನೀರು ಬೇಕು ಅಂದ್ರು, ನಾನು ಕೊಡಲಿಲ್ಲ ಅಕ್ಕ" ಎಂದುಬಿಟ್ಟೆ.

ಅಕ್ಕ ನನ್ನ ಕೈ ಹಿಡಿದುಕೊಂಡು ಅತ್ತಳು. "ಅಯ್ಯೋ ಪಾಪಿ, ಒಂದು ಗುಟುಕಾದ್ರೂ ಕೊಡಬಾರದಿತ್ತೇನೋ?"

ತಪ್ಪಾಯ್ತು ಅಕ್ಕ, ಅಂದೆ.