ಮೆಟ್ಟಿಲ ಗೋಡೆಯ ಫೋಟೊ

ಜೂನ್ ೧೪, ಶುಕ್ರವಾರ

ನನ್ನ ಫೋಟೊ ಸ್ವಲ್ಪ ಎಡಕ್ಕೆ ವಾಲಿದೆ. ಹೇಳಿದರೆ ಚೆನ್ನಾಗಿರುವುದಿಲ್ಲವೆಂದು ಸುಮ್ಮನೆ ಬಂದೆ.

ಪ್ರಧಾನಿ ನಿವಾಸದ ಮೆಟ್ಟಿಲ ಗೋಡೆಯಲ್ಲಿ ಮಾಜಿಗಳಿಗಷ್ಟೇ ಜಾಗ. ಹೊಸ ಮಾಜಿ ಮೇಲಿನ ತುದಿಗೆ ಬಂದರೆ ಹಳಬರೆಲ್ಲ ಒಂದೊಂದು ಮೆಟ್ಟಿಲು ಕೆಳಕ್ಕೆ. ಮೊಟ್ಟಮೊದಲ ಪ್ರಧಾನಿ ಈಗ ಅಡುಗೆಮನೆಯ ಬಾಗಿಲ ಪಕ್ಕದಲ್ಲಿದ್ದಾರೆ. ಅವರ ಕಾಲದಲ್ಲಿ ‘ಪ್ರಧಾನಿ’ ಎಂಬುದು ಹುದ್ದೆಯೇ ಅಲ್ಲ, ಉಳಿದ ಮಂತ್ರಿಗಳು ಗೇಲಿಗೆ ಇಟ್ಟ ಹೆಸರಂತೆ.

ಇವತ್ತು ಬಡಗಿ ನನ್ನ ಫೋಟೊ ತೂಗುಹಾಕುವಾಗ, ನನ್ನನ್ನು ಸೋಲಿಸಿದ ಹೊಸ ಪ್ರಧಾನಿ ಪಕ್ಕದಲ್ಲೇ ನಿಂತಿದ್ದರು.

“ನಿಮ್ಮದೂ ಬರುತ್ತೆ ಬಿಡಿ,” ಎಂದೆ.

“ಆಗ ನೀವು ಒಂದು ಮೆಟ್ಟಿಲು ಇಳೀಬೇಕಾಗುತ್ತೆ, ಮೇಡಂ!”

ಇಬ್ಬರೂ ಜೋರಾಗಿ ನಕ್ಕೆವು.

ನಿದ್ದೆಗೆ ಕಣ್ಣು ಎಳೆಯುತ್ತಿದೆ, ಮನಸ್ಸು ಹಗುರವಾಗಿದೆ. ಪುಣ್ಯಾತ್ಮ ಆ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತಿರಲಿ. ನನ್ನ ಫೋಟೊ ವಾಲಿದರೂ ಚಿಂತೆಯಿಲ್ಲ, ಇನ್ನಷ್ಟು ದಿನ ಮೇಲೆಯೇ ಇರ…